ನೀಲಗಿರಿಗೆ ಟ್ಯಾಂಕರ್ ನೀರು

ಜಿಗಣಿಯ ಕೈಗಾರಿಕಾ ಪ್ರದೇಶದ ಹಿಂದೆ ನಮ್ಮದೊಂದು ತುಂಡು ಹೊಲವಿದೆ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕಿದ್ದವರು. ಉಳುಮೆಗೆ ಪುರುಸೊತ್ತಿಲ್ಲವೆಂದು ಅಲ್ಲಿ ನೀಲಗಿರಿ ನೆಟ್ಟಿದ್ದರು. ‘ನೆಟ್ಟು ಮರೆತುಬಿಡಬಹುದು, ಅದು ಬೇಕು ಇದು ಬೇಕು ಅಂತ ಕೇಳಲ್ಲ’ ಎನ್ನುತ್ತಿದ್ದರು. ಅದನ್ನು ನನ್ನ ಮುಖ ನೋಡಿಕೊಂಡೇ ಹೇಳುತ್ತಿದ್ದುದು ನನಗೆ ಹಿಡಿಸುತ್ತಿರಲಿಲ್ಲ.

ಅಮ್ಮನಿಗೆ ಬೇಕಿದ್ದದ್ದು ಅವರೆ. ಮಾರುಕಟ್ಟೆಯಿಂದ ತಂದ ಕಾಯಿಯನ್ನು ಮೂಸಿ, ‘ಸೊಗಡೇ ಇಲ್ಲ’ ಎಂದು ಪ್ರತಿ ಚಳಿಗಾಲವೂ ಬೈಯುವವಳು. ಮಂಜಿನಲ್ಲಿ ನೆನೆದು ಬಲಿತ ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂಥ ಅಂಟು ಕೂರುತ್ತದೆ. ಅದರ ಘಮವೇ ಸೊಗಡು. ‘ಮರ ಒಂದ್ಸಲ ಕಟಾವಾಗ್ಲಿ, ಬುಡ ಕೀಳಿಸಿ ಹೊಲ ನಿಂಗೇ ಬಿಟ್ಕೊಡ್ತೀನಿ’ ಎಂದು ಅಪ್ಪ ಮಾತು ಕೊಟ್ಟಿದ್ದರು.

ಕಡಿದ ಬುಡ ಚಿಗುರಿ ಮತ್ತೆ ಮರವಾಗುವುದು ನೀಲಗಿರಿಯ ಗುಣ. ಮೊದಲೆರಡು ಕಟಾವಿನಲ್ಲಿ ಕಂಬಗಳು ಚೆನ್ನಾಗಿಯೇ ಬಂದವು. ಅಪ್ಪ ಮಾತನ್ನು ಮುಂದೂಡಿದರು. ಅದರ ನಂತರದ ಚಿಗುರು ಮೈ ಹಿಡಿಯಲೇ ಇಲ್ಲ. ಒಂದು ವರ್ಷ ಮಳೆ ಕೈಕೊಟ್ಟಿತು. ಇನ್ನೊಂದು ವರ್ಷದ್ದು ಒಂದೇ ವಾರ ಸುರಿದು ರಸ್ತೆ ಪಾಲಾಯಿತು. ಬೇಸಿಗೆಯ ಕಾವಿಗೆ ತುದಿಗಳು ಒಣಗಿದವು, ಎಲೆಗಳ ತುಂಬ ಹುಳು ಮಾಡಿದ ಗಂಟು.

ಮರದ ವ್ಯಾಪಾರಿ ಬಂದು ಒಂದು ಮರವನ್ನು ಅಂಗೈಗಳಿಂದ ಸುತ್ತಿ ಹಿಡಿದ. ‘ತಾರಸಿ ಹಾಕೋ ಸೆಂಟ್ರಿಂಗ್ ಕಂಬಕ್ಕೆ ಆಗಲ್ಲ ಸಾರ್, ಸೌದೆಗೆ ಆಗ್ತದೆ. ಬುಡಕ್ಕೂ ವಯಸ್ಸಾಯ್ತು, ಮಳೇನೂ ಹಿಂಗಾಯ್ತು.’

‘ಇನ್ನೊಂದು ವರ್ಷ ಬಿಡು, ದಪ್ಪ ಆಗ್ತವೆ’ ಅಂದರು ಅಪ್ಪ. ಮರುವರ್ಷವೂ ಅದನ್ನೇ ಅಂದರು.

‘ನಿಮ್ಮ ಮರಗಳು ವಿ.ಆರ್.ಎಸ್. ತಗೊಂಡಿವೆ ಕಣ್ರೀ’ ಎಂದಳು ಅಮ್ಮ.

ಹೋದ ಬೇಸಿಗೆಯಲ್ಲಿ, ನಿವೃತ್ತರಾಗಿದ್ದ ಅಪ್ಪ, ಟ್ಯಾಂಕರ್ ತರಿಸಿ ನೀಲಗಿರಿಗೆ ನೀರು ಬಿಟ್ಟರು. ಸುತ್ತಲಿನ ಅಪಾರ್ಟ್‌ಮೆಂಟಿನವರು ಸ್ನಾನಕ್ಕೆ ಅಂಥದೇ ಟ್ಯಾಂಕರ್ ಕಾಯುತ್ತಿದ್ದ ದಿನಗಳವು. ಪಕ್ಕದ ಹೊಲದವರು ಬದುವಿನ ಮೇಲೆ ನಿಂತು, ‘ನಮ್ಮ ಬಾವಿ ಕುಡಿದಿದ್ದು ಸಾಲ್ದಾ ಇದಕ್ಕೆ?’ ಎಂದು ನಕ್ಕರು. ಒಣಗಿದ ನೆಲ ನೀರನ್ನು ಸರ್ರನೆ ಹೀರಿ ಮತ್ತೆ ಒಣಗಿದಂತೆಯೇ ಕಂಡಿತು. ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗೆ. ನನಗೂ ನಗು ಬಂತು, ಹಿಂದೆಯೇ ಪಾಪ ಅನ್ನಿಸಿತು.

ಅಮ್ಮ ಮಾತ್ರ ನಗಲಿಲ್ಲ. ‘ಇದೇ ನೀರನ್ನ ನನ್ನ ಅವರೆಗೆ ಹಾಕ್ಬಾರ್ದಿತ್ತೇನ್ರೀ?’ ಎಂದಳು. ಅಪ್ಪ ಪೈಪನ್ನು ಕೆಳಗಿಟ್ಟರು.

ವಾರದೊಳಗೆ ಮರವೆಲ್ಲ ಸೌದೆಯ ಬೆಲೆಗೆ ಹೋಯಿತು. ಜೆಸಿಬಿ ಬುಡಗಳನ್ನು ಕಿತ್ತಿತು. ಮುಂಗಾರಿಗೆ ಅಮ್ಮ ರಾಗಿಯ ಸಾಲುಗಳ ನಡುವೆ ಅವರೆ ಹಾಕಿಸಿದಳು.

ಕಾಯಿಯೇನೋ ಬಿಟ್ಟವು, ಮಂಜು ಬೀಳಲಿಲ್ಲ. ಡಿಸೆಂಬರ್ ಪೂರ್ತಿ ಮೋಡ, ರಾತ್ರಿಯೂ ಸೆಕೆ. ಅಮ್ಮ ಮೊದಲ ಕಾಯಿ ಕಿತ್ತು ಮೂಸಿದಳು. ಮತ್ತೊಂದನ್ನು ಕಿತ್ತು ಮೂಸಿ, ಎರಡನ್ನೂ ಮಡಿಲಿಗೆ ಹಾಕಿಕೊಂಡಳು. ಇಷ್ಟು ವರ್ಷ ಕಾದದ್ದು ಇದಕ್ಕಾ ಅನ್ನಿಸಿತು ನನಗೆ.

ಮಧ್ಯಾಹ್ನ ಮುದ್ದೆ, ಅದೇ ಅವರೆಯ ಹಿತಕಿದಬೇಳೆ ಸಾರು. ಅಪ್ಪ ತಟ್ಟೆಗೆ ಬಗ್ಗಿ ದೀರ್ಘವಾಗಿ ಉಸಿರೆಳೆದರು. ‘ಅಬ್ಬಬ್ಬಾ, ಏನು ಸೊಗಡು ಕಣೇ!’

ಅಮ್ಮ ಅವರ ಮುಖವನ್ನೇ ನೋಡಿದಳು. ‘ಸುಳ್ಳು ಹೇಳೋಕೂ ಬರಲ್ಲ ನಿಮಗೆ’ ಎಂದು ಇನ್ನೊಂದು ಸೌಟು ಬಡಿಸಿದಳು.