ಬೆಳಗೊಳದ ಮನೆಯಲ್ಲಿ ಆರಾಮ ಯಾರಿಗೆ?

ಹೋದ ಭಾನುವಾರ ಮಧ್ಯಾಹ್ನ, ಒಲೆಯ ಮೇಲೆ ಸಾರು ಕುದಿಯುತ್ತಿರುವಾಗಲೇ, ನಾನು ಮನೆ ಬಿಟ್ಟು ಹೊರಟುಬಿಟ್ಟೆ.

ಗಾಬರಿಯಾಗಬೇಡಿ. ಹೊರಟಿದ್ದು ಮನೆಗೇ. ನಮಗೆ ಈಗ ಎರಡು ಮನೆ. ಮೈಸೂರಿನಲ್ಲಿ ಒಂದು, ಬದುಕುವುದಕ್ಕೆ. ಬೆಳಗೊಳದ ನಾಲೆಯ ಪಕ್ಕ ಇನ್ನೊಂದು, ನಮ್ಮ ಯಜಮಾನರ ಮನಶ್ಶಾಂತಿಗೆ. ಅವರಿಗೆ ಆಫೀಸಿನ ಟೆನ್‌ಶನ್. ವಾರಕ್ಕೊಂದು ದಿನ ಗದ್ದೆ ನೋಡಿದರೆ ಬಿ.ಪಿ. ಇಳಿಯುತ್ತದಂತೆ. (ನಾನೂ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ನನ್ನ ಬಿ.ಪಿ. ಎಷ್ಟು ಅಂತ ಯಾರೂ ಕೇಳಲಿಲ್ಲ.)

ವಾರವೆಲ್ಲ ಬೀಗ ಹಾಕಿದ ಮನೆ ಸುಮ್ಮನಿರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾವಿಲ್ಲದಾಗ ಅಲ್ಲಿ ಬೇರೆಯದೇ ಸಂಸಾರ ನಡೆಯುತ್ತಿರುತ್ತದೆ. ಆ ಶನಿವಾರ ಸಂಜೆ ಬಾಗಿಲು ತೆಗೆದರೆ ಕಮಟು ವಾಸನೆ. ಹಾಸಿಗೆಯೊಳಗೆ ಇಲಿ ಮರಿ ಹಾಕಿತ್ತು. ಡಬ್ಬದಲ್ಲಿ ಸಕ್ಕರೆಗಿಂತ ಇರುವೆಯೇ ಜಾಸ್ತಿ. ಮಳೆಯ ಎರಚಲು ಹೊಡೆದು ಕಿಟಕಿಯ ಕೆಳಗೆಲ್ಲ ಪಾಚಿ.

ನಾನು ಸೆರಗು ಸಿಕ್ಕಿಸಿದೆ. ಅವರು ಜಗಲಿಯಲ್ಲಿ ಈಜಿ ಚೇರು ಬಿಡಿಸಿದರು.

"ಆಹಾ, ಎಂಥಾ ಗಾಳಿ! ಬಾರೇ, ಸ್ವಲ್ಪ ಕೂತ್ಕೋ."

ಕೂರಬಹುದಿತ್ತು. ಆಮೇಲೆ ಮಲಗುವುದೆಲ್ಲಿ? ಇಲಿಮರಿಗಳ ಪಕ್ಕದಲ್ಲಾ?

ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಂದರು: "ಹೇಳೋಕೆ ಮರ್ತಿದ್ದೆ ನೋಡು. ಇವತ್ತು ನಮ್ಮ ಆಫೀಸಿನವರು ಊಟಕ್ಕೆ ಬರ್ತಾರೆ. ಸಿಂಪಲ್ಲಾಗಿ ಏನಾದ್ರೂ ಮಾಡು."

ಎರಡು ಕಾರಿನ ತುಂಬ ಬಂದರು. ನಾಲೆಗೆ ಕಾಲು ಇಳಿಬಿಟ್ಟು ಕೂತರು. ಜಗಲಿಗೆ ಬಂದು ಇಸ್ಪೀಟು ಹಾಕಿದರು. ಇತ್ತ ಕರೆಂಟಿಲ್ಲ, ಮೋಟಾರು ಓಡುತ್ತಿಲ್ಲ. ಪಕ್ಕದ ಮನೆಯ ನಿಂಗಮ್ಮ ಬೀದಿಯ ಬೋರ್‌ವೆಲ್ ಒತ್ತಿ ಕೊಟ್ಟಳು, ನಾನು ನೀರು ಹೊತ್ತೆ. ಅನ್ನವಾಯಿತು, ಪಲ್ಯವಾಯಿತು, ಸಾರು ಕುದಿಯತೊಡಗಿತು. ಅಷ್ಟರಲ್ಲಿ ಬಂದವರಲ್ಲೊಬ್ಬರು ಅಡುಗೆಮನೆ ಬಾಗಿಲಿಗೆ ಬಂದರು. ಸಹಾಯಕ್ಕಲ್ಲ, ಐಸ್ ಇದೆಯಾ ಅಂತ ಕೇಳುವುದಕ್ಕೆ.

ಇಲ್ಲ ಅಂದೆ.

"ನೀವು ಲಕ್ಕಿ ಬಿಡಿ ಮೇಡಂ. ವಾರಕ್ಕೊಂದು ದಿನ ಇಲ್ಲಿ ಬಂದು ಹಾಯಾಗಿ ಇದ್ದು ಹೋಗ್ತೀರಿ."

ಅದಕ್ಕೆ ಜಗಲಿಯಿಂದ ನಮ್ಮವರ ದನಿ: "ಮತ್ತೆ ಈ ಮನೆ ಕಟ್ಟಿಸಿದ್ದು ಯಾಕ್ರೀ? ಅವಳಿಗೂ ಒಂದು ಚೇಂಜ್ ಬೇಕಲ್ಲ!"

ಚೇಂಜಾ? ಮೈಸೂರಿನ ಒಲೆಯಿಂದ ಬೆಳಗೊಳದ ಒಲೆಗೆ! ಮೈಸೂರಿನ ಕಸ ಗುಡಿಸಿಟ್ಟು ಬೆಳಗೊಳದ ಕಸಕ್ಕೆ! ಮಳೆ ಬಂದಾಗೆಲ್ಲ ಪಾಠದ ನಡುವೆ 'ಅಲ್ಲಿ ಕಿಟಕಿ ಹಾಕಿದ್ದೆನಾ' ಅಂತ ಯೋಚಿಸುವವಳು ನಾನು. ಬೆಂಕಿಪೊಟ್ಟಣದಿಂದ ಫಿನಾಯಿಲ್‌ವರೆಗೆ ನೆನಪಿಟ್ಟು ಡಿಕ್ಕಿಗೆ ತುಂಬುವವಳು ನಾನು. ಮೈಯೆಲ್ಲ ಉರಿದುಹೋಯಿತು.

ಒಲೆಯ ಉರಿ ಸಣ್ಣ ಮಾಡಿದೆ. (ಅಷ್ಟಾದರೂ ಮಾಡಿದೆ.) ಕೈ ತೊಳೆದು, ಪರ್ಸು ಹಿಡಿದು, ಹಿತ್ತಿಲ ಬಾಗಿಲಿನಿಂದ ಹೊರಬಿದ್ದೆ.

ಬಸ್ ಸ್ಟಾಪಿನ ದಾರಿಯಲ್ಲಿ ನಿಂಗಮ್ಮ ಹುಲ್ಲಿನ ಹೊರೆ ಹೊತ್ತು ಎದುರಾದಳು.

"ಯಾಕ್ರವ್ವಾ, ಇಷ್ಟ್ ಬಿರ್ನೆ ಒಂಟ್ಬುಟ್ರಿ? ಅಯ್ನೋರು ಬರಾಕಿಲ್ವಾ?"

"ಅವರು ಆರಾಮ ತಗೊಳ್ತಿದ್ದಾರೆ ನಿಂಗಮ್ಮ."

ಅವಳು ಹೊರೆ ಅಲ್ಲಾಡುವ ಹಾಗೆ ನಕ್ಕಳು. "ನಮ್ಮನೆಯವ್ರೂ ಅಂಗೇ ಕಣ್ರವ್ವ. ಎಲ್ಡ್ನೇ ಮನೆ ಇಲ್ದಿದ್ರೂವೆ ಆರಾಮಾಗೇ ಅವ್ರೆ!"

ನನಗೆ ನಗು ಬರಲಿಲ್ಲ. ಬಸ್ಸು ಹತ್ತಿದೆ. ಮೈಸೂರಿನ ಮನೆಯಲ್ಲಿ ಫ್ಯಾನ್ ಹಾಕಿಕೊಂಡು ಸಂಜೆಯವರೆಗೆ ಮಲಗಿದೆ. ಹಾಗೆ ಹಗಲು ಮಲಗಿ ಎಷ್ಟು ಕಾಲವಾಗಿತ್ತೋ!

ಸಂಜೆ ನಮ್ಮವರು ಬಂದು ಬಾಗಿಲಲ್ಲೇ ನಿಂತು, "ಅವರೆಲ್ಲ ಏನಂದ್ಕೊಂಡಿರ್ತಾರೆ?" ಅಂದರು. ನಾನೇನಾದೆ ಅಂತಲ್ಲ. ಅವರೇನಂದುಕೊಂಡರು ಅಂತ! ಸಾರು ತಳ ಹಿಡಿಯಿತಂತೆ. ಎಲ್ಲರೂ ಶ್ರೀರಂಗಪಟ್ಟಣದ ಹೋಟೆಲಿಗೆ ಹೋಗಿ ಉಂಡರಂತೆ. ಬಿಸಿ ಅನ್ನ, ಪಲ್ಯ ಅಲ್ಲೇ ಇತ್ತಲ್ಲ, ಬಡಿಸಿಕೊಳ್ಳುವುದಕ್ಕೆ ಒಬ್ಬರಿಗೂ ಕೈ ಇರಲಿಲ್ಲವಾ?

ಸೋಮವಾರ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದೆ. ಎಲ್ಲರೂ ನಕ್ಕರು. ಪಾಂಡವಪುರದ ಹತ್ತಿರ ತೋಟದ ಮನೆ ಇರುವ ಗಣಿತದ ಟೀಚರ್ ಮಾತ್ರ ನಗಲಿಲ್ಲ. "ನೀವು ಬಸ್ಸು ಹತ್ತಿದ್ರಿ. ನಾನಿನ್ನೂ ಹತ್ತಿಲ್ಲ" ಅಂದರು.

ನಿನ್ನೆ ಶನಿವಾರ. ನಾನು ಬರುವುದಿಲ್ಲ ಅಂದೆ. ಅವರು ಮುಖ ಊದಿಸಿಕೊಂಡು ಒಬ್ಬರೇ ಹೋದರು. ಕತ್ತಲಾಗುವ ಮೊದಲೇ ಅಲ್ಲಿನ ಎಸ್‌ಟಿಡಿ ಬೂತಿನಿಂದ ಫೋನು.

"ಪೊರಕೆ ಎಲ್ಲಿಟ್ಟಿದ್ದೀಯೇ?"

ಮನೆ ಕಟ್ಟಿಸಿ ಎರಡು ವರ್ಷವಾಯಿತು. ಪೊರಕೆ ಎಲ್ಲಿದೆ ಅಂತಲೇ ಗೊತ್ತಿಲ್ಲದವರನ್ನು ಆ ಮನೆಯ ಯಜಮಾನ ಅನ್ನಬೇಕೋ, ನೆಂಟ ಅನ್ನಬೇಕೋ?