ಸರದಾರರ ಬಂದೂಕಿನ ದುರ್ಬೀನು

ಪುಣೆಯ ಕಸಬಾ ಪೇಟೆಯ ಒಂದು ವಾಡೆಯಲ್ಲಿ ಸಿದ್ರಾಮಪ್ಪ ಬಂದೂಕು ನೋಡಿಕೊಳ್ಳುವ ಕೆಲಸಕ್ಕಿದ್ದ. ಧಾರವಾಡದ ಕಡೆಯ ಲಿಂಗಾಯತ. ಜೀವಮಾನದಲ್ಲಿ ಒಂದು ಗುಬ್ಬಿಯನ್ನೂ ಕೊಂದವನಲ್ಲ. ಆದರೂ ವಾಡೆಯ ಒಡೆಯ ಸರದಾರ ಏಕನಾಥರಾಯರ ಬಂದೂಕುಗಳು ಅವನ ಕೈ ಬಿಟ್ಟು ಬೇರೆಯವರ ಮಾತು ಕೇಳುತ್ತಿರಲಿಲ್ಲ. ವಾಡೆಯ ಹಿತ್ತಲ ಖೋಲಿಯಲ್ಲಿ ಅವನೂ ಹೆಂಡತಿ ಬಸವಣ್ಣೆವ್ವನೂ ಮುದುಕರಾಗಿದ್ದರು.

ಜರ್ಮನಿಯೊಡನೆ ದೊಡ್ಡ ಯುದ್ಧ ನಡೆದಿದ್ದ ಕಾಲ. ಆ ವರ್ಷ ಸರದಾರರ ಜರ್ಮನಿಯ ಬಂದೂಕು ಗುರಿ ತಪ್ಪತೊಡಗಿತು. ಅದರ ಮೇಲೆ ಕೂರಿಸಿದ ದುರ್ಬೀನಿನೊಳಗಿನ ಗುರಿಯ ಗೆರೆಯನ್ನು, ಒಡೆಯಲು ಇಟ್ಟ ಗಡಿಗೆಯ ನಡುವಿಗೆ ಹಿಡಿದರೂ ಗುಂಡು ಒಮ್ಮೆ ಮೇಲೆ ಹೋಗುತ್ತಿತ್ತು, ಒಮ್ಮೆ ಕೆಳಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ವಾಡೆಯ ಆಳುಗಳು ಮುಸಿಮುಸಿ ನಕ್ಕರು. ಸರದಾರರಿಗೆ ಆ ನಗು ತಟ್ಟಿತು.

"ದಸರೆಯ ಗುರಿ ಹೊಡೆಯುವ ಪಂದ್ಯದ ಹೊತ್ತಿಗೆ ಇದು ಸರಿಯಾಗಬೇಕು," ಎಂದು ಸಿದ್ರಾಮಪ್ಪನಿಗೆ ಮರಾಠಿಯಲ್ಲಿ ಹೇಳಿದರು. "ಆಗದಿದ್ದರೆ ಬಂದೂಕೆಲ್ಲ ಮಾರಿಬಿಡುತ್ತೇನೆ. ಆಮೇಲೆ ನಿನಗಿಲ್ಲಿ ಏನು ಕೆಲಸ?"

ಸಿದ್ರಾಮಪ್ಪ ಬಂದೂಕನ್ನು ಗುಡ್ಡದ ಬುಡಕ್ಕೆ ಒಯ್ದ. ಕೈ ನಡುಕದ ಮಾತೇ ಬರಬಾರದೆಂದು ಉಸುಕಿನ ಚೀಲಗಳ ನಡುವೆ ಅದನ್ನು ಬಿಗಿಯಾಗಿ ಕೂರಿಸಿ ಹಾರಿಸಿದ. ಗುಂಡು ಮತ್ತೆ ಚದುರಿತು. ದುರ್ಬೀನು ಹಿಡಿದ ಪಟ್ಟಿಗಳ ತಿರುಪು ಬಿಗಿದ. ನಳಿಗೆ ತಿಕ್ಕಿದ, ಬೇರೆ ತೋಟಾ ಹಾಕಿದ. ದುರ್ಬೀನು ತೆಗೆದಿಟ್ಟು ಬರಿಗಣ್ಣಿಂದ ಗುರಿಯಿಟ್ಟಾಗ ಮಾತ್ರ ಗಡಿಗೆ ಒಡೆಯಿತು. ಅಂದರೆ ಬಂದೂಕು ಗಟ್ಟಿ, ಕೇಡು ದುರ್ಬೀನಿನ ಹೊಟ್ಟೆಯಲ್ಲೇ. ಆದರೆ ದುರ್ಬೀನಿಲ್ಲದೆ ಸರದಾರರ ಕಣ್ಣಿಗೆ ಗುರಿ ಕಾಣದು.

ಮನೆಗೆ ಬಂದು ದುರ್ಬೀನಿನ ತಲೆಯ ಮೇಲಿನ, ಗುರಿ ಹೊಂದಿಸುವ ತಿರುಗಣಿ ಬಿಚ್ಚಿದ. ಗೆರೆಯನ್ನು ಒತ್ತಿ ಹಿಡಿಯುವ ಸಣ್ಣ ಸ್ಪ್ರಿಂಗು ತುಕ್ಕು ತಿಂದು ಎರಡು ತುಂಡಾಗಿತ್ತು. ಹಿಡಿತವಿಲ್ಲದ ಗೆರೆ ಪ್ರತಿ ಏಟಿಗೂ ಅಲ್ಲಾಡುತ್ತಿತ್ತು. ತುಕ್ಕನ್ನು ಉಗುರಿನಿಂದ ಕೆರೆದ. ಅದರ ಕೆಳಗೆ ಕೆಂಪಗೆ ಇನ್ನೊಂದು ಅಂಟು. ಬೆರಳಿಗೆ ಹಚ್ಚಿ ನೋಡಿದ. ಕುಂಕುಮ.

 ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಬಸವಣ್ಣೆವ್ವ, ನಮ್ಮ ಹೊಟ್ಟಿ ತುಂಬಸೋ ದೇವರು ಎಂದು, ಈ ಬಂದೂಕಿಗೆ ಚೆಂಬಿನಿಂದ ನೀರೆರೆದು ಕುಂಕುಮ ಹಚ್ಚುತ್ತಿದ್ದಳು. ಅವನು ನಗುತ್ತ ನಿಂತು, ಆಮೇಲೆ ಕಬ್ಬಿಣವನ್ನೆಲ್ಲ ಒರೆಸಿ ಎಣ್ಣೆ ಹಚ್ಚುತ್ತಿದ್ದ. ಗಾಜು ಕೂರಿಸಿದ ಕೊಳವೆಗೆ ಹನಿಯೂ ಇಳಿಯದೆಂದು ನಂಬಿದ್ದ. ಎಂಥ ಮಂಕು! ಬಂದೂಕಿನ ಜಾಣನಿಗೆ ಇಷ್ಟು ಹೊಳೆಯಬಾರದೆ? ಅವನ ಮೇಲೆ ಈ ಕಥೆ ಹೇಳುವ ನನಗೆ ಈಗಲೂ ಸಿಟ್ಟು ಬರುತ್ತದೆ, ಮರುಕವೂ ಬರುತ್ತದೆ.

ಗಡಿಯಾರದ ಸ್ಪ್ರಿಂಗು ಕತ್ತರಿಸಿ ಮುರಿದದ್ದರ ಜಾಗಕ್ಕೆ ಕೂರಿಸಿದ. ಎರಡು ಏಟಿಗೆ ಸೊಟ್ಟಗಾಯಿತು. ದಂಡಿನ ಕ್ಯಾಂಪಿನ ಬಂದೂಕಿನ ಅಂಗಡಿಯವರು, "ಜರ್ಮನಿಯ ಸಾಮಾನು ಈಗೆಲ್ಲಿ ಸಿಗುತ್ತದೆ?" ಎಂದು ಹಿಂದೆ ಕಳಿಸಿದರು.

"ಏನಾಗಿತ್ರಿ ಅದಕ್ಕ?" ಎಂದು ಬಸವಣ್ಣೆವ್ವ ಕೇಳಿದಳು.

"ವಯಸ್ಸಾಗೇದ," ಎಂದ.

ರಿಪೇರಿಯಾಗದೆಂದು ಕೇಳಿ ಸರದಾರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಂದೂಕುಗಳನ್ನು ಕೊಳ್ಳುವವರು ಬಂದು ಒಯ್ದರು. ದಸರೆ ಮುಗಿಯುತ್ತಲೇ ಖೋಲಿ ಬಿಟ್ಟು ದೌಂಡಿನಲ್ಲಿ ರೈಲ್ವೆ ಕೆಲಸಕ್ಕಿದ್ದ ಬಸವಣ್ಣೆವ್ವನ ತಮ್ಮನ ಮನೆಯಲ್ಲಿ ಬಿದ್ದಿರುವುದೆಂದು ನಿಶ್ಚಯವಾಯಿತು.

ದಸರೆಯ ಮುನ್ನಾದಿನದ ಖಂಡೇನವಮಿ ಬಂತು. ಪೂಜೆಗೆ ಉಳಿದದ್ದು ಅರ, ಚಿಮಟ, ತಿರುಪುಳಿ ಅಷ್ಟೆ. ಬಸವಣ್ಣೆವ್ವ ಅವನ್ನೇ ಮಣೆಯ ಮೇಲೆ ಜೋಡಿಸಿ ಚೆಂಬು ಎತ್ತಿದಳು. ಸಿದ್ರಾಮಪ್ಪ ತನಗೇ ತಿಳಿಯದೆ ಅವಳ ಕೈ ಹಿಡಿದುಬಿಟ್ಟ.

ಅವಳು ಅವನ ಮುಖ ನೋಡಿದಳು. ಕೈಯಲ್ಲಿದ್ದ ಚೆಂಬಿನ ನೀರು ನೋಡಿದಳು.

"ನೀರ ಹೊಕ್ಕಿತ್ತೇನ್ರಿ ಅದರಾಗ?"

ಅವನು ಕೈ ಬಿಟ್ಟ.

"ಹಾಕು," ಎಂದ. "ಇನ್ನ ಕೆಡೋದೇನ ಉಳದದ?"

ಅವಳು ಹಾಕಲಿಲ್ಲ. ಚೆಂಬನ್ನು ಕೆಳಗಿಟ್ಟು, ಒಣಗಿದ್ದ ಆ ಸಾಮಾನನ್ನೇ ಸೆರಗಿನಿಂದ ಒಂದೊಂದಾಗಿ ಒರೆಸುತ್ತ ಕೂತಳು.