ಮೂರು ಗೆರೆಯ ಕಲ್ಲು

ಮಧ್ಯಾಹ್ನ ಬಿಸಿಲು ಏರಿತೆಂದರೆ ನಾನು ಕೂಡುವ ಗೋಣಿಚೀಲ ಹಳೇ ಎಣ್ಣೆ ನಾರುತ್ತದೆ. ಎರಡು ಸಲ ಒಗೆದೆ, ಹೋಗಲಿಲ್ಲ. ನಲವತ್ತು ವರ್ಷ ಯಾರ್ಯಾರೋ ತಂದು ಒಂದು ಕಲ್ಲಿಗೆ ಸುರಿದ ಎಣ್ಣೆ ಅದು. ಆ ಕಲ್ಲನ್ನು ಒರೆಸಿದ್ದು ಈ ಚೀಲದಿಂದಲೇ. ನಿಂಬೆಹಣ್ಣು ಮಾರುವವಳ ಹತ್ತಿರ ಇದೆಂಥ ನಾತ ಎಂದು ನೀವು ಮೂಗು ಮುಚ್ಚುವ ಮುಂಚೆ ಹೇಳಿಬಿಡುತ್ತೇನೆ.

ನಾನು ಮುಂಬೈಯ ಬೈಕುಲ್ಲಾಕ್ಕೆ ಬಂದದ್ದು ನಿಂಬೆಹಣ್ಣು ಮಾರಲಿಕ್ಕಲ್ಲ, ರಸ್ತೆ ಅಗೆಯಲಿಕ್ಕೆ. ಕಲಬುರಗಿ ಕಡೆಯ ಹೆಂಗಸರ ಒಂದು ಗ್ಯಾಂಗು. ನಾವೆಲ್ಲ ಮಣ್ಣು ಹೊರುವವರು. ಗಂಗವ್ವನೊಬ್ಬಳು ಹಾರೆ ಬಿಡುತ್ತಿರಲಿಲ್ಲ. ನಮ್ಮಿಂದ ಕೆಲಸ ಮಾಡಿಸುವ ಮುಕದ್ದಮ ಬೆಳಿಗ್ಗೆ ಗೂಟ ಹೊಡೆದು, ಇವತ್ತು ಇಲ್ಲಿಯ ತನಕ ಅಗೆಯಬೇಕು ಎನ್ನುವನು. ನಾವು ರೊಟ್ಟಿ ತಿಂದು ಬರುವುದರೊಳಗೆ ಗೂಟ ಎರಡು ಮಾರು ಮುಂದೆ ಹೋಗಿರುತ್ತಿತ್ತು. ಗೂಟ ಸರಿಸುವ ಕೈಗೆ ಹುಳ ಬೀಳಲಿ ಎಂದು ಗಂಗವ್ವ ಶಪಿಸುವಳು. ನಾನು ಹೂಂ ಎನ್ನುತ್ತಿದ್ದೆ.

ಇರಾನಿ ಹೋಟೆಲಿನ ಮುಂದೆ ಅಗೆಯುವಾಗ ಅವಳ ಹಾರೆ ಠಣ್ ಎಂದಿತು. ಕೆರೆದು ನೋಡಿದರೆ ಒಂದು ಕರೀ ಕಲ್ಲು ಮಗ್ಗುಲಾಗಿ ಮಲಗಿದೆ, ಮೈಮೇಲೆ ಅಡ್ಡ ಮೂರು ಗೆರೆ, ಒಂದರ ಮೇಲೊಂದು. ನಮ್ಮ ಕಡೆಯವರಿಗೆ ಅಡ್ಡ ಮೂರು ಗೆರೆ ಎಂದರೆ ಮತ್ತೇನು?

“ಚಪ್ಪಲಿ ಬಿಡ್ರಿಬೇ,” ಎಂದಳು ಗಂಗವ್ವ. “ಇಬತ್ತಿ ಹಚಗೊಂಡು ಮಲಗ್ಯಾನ, ಮಲ್ಲಯ್ಯ.”

ಕಲ್ಲನ್ನು ರಾಡಿಯ ಗಾಡಿಗೆ ಹಾಕಿ ಎಂದು ಮುಕದ್ದಮ ಗದರಿದ. ಗಂಗವ್ವ ಕಲ್ಲಿನ ಮೇಲೆ ಕೂತುಬಿಟ್ಟಳು, ಮೊದಲು ನನ್ನನ್ನು ಹಾಕಿ ಎಂದಳು. ಅವಳ ತೂಕ ನೋಡಿಯೇ ಅವನು ಸುಮ್ಮನಾದ ಎಂದು ನನ್ನ ಲೆಕ್ಕ. ಐದು ಮಂದಿ ಹಾರೆ ಮೀಟಿ, ಉರುಳಿಸಿ, ರಸ್ತೆ ದಾಟಿಸಿ, ಅಷ್ಟು ದೂರದ ಅರಳಿಮರದ ಕೆಳಗೆ ಒಯ್ದೆವು. ಗೆರೆ ಅಡ್ಡವೇ ಇರಬೇಕೆಂದು ಮಗ್ಗುಲಾಗಿಯೇ ಕೂರಿಸಿದೆವು. ನನ್ನ ಟೊಂಕ ಅವತ್ತು ಹಿಡಿದದ್ದು ಇನ್ನೂ ಪೂರಾ ಬಿಟ್ಟಿಲ್ಲ. ಮರುದಿನ ಮುಕದ್ದಮನ ಕಾಲು ಉಳುಕಿತು. ಮಲ್ಲಯ್ಯನ ಸಿಟ್ಟು ಎಂದರು ಎಲ್ಲರೂ. ಅವನು ಬಾಳೆಹಣ್ಣಿನ ಸಿಪ್ಪೆ ತುಳಿದದ್ದನ್ನು ನಾನು ಕಂಡಿದ್ದೆ. ಸಿಪ್ಪೆ ಎಸೆದವಳೂ ನಾನೇ. ಹೇಳಲಿಲ್ಲ.

ರಸ್ತೆ ಮುಗಿಯಿತು, ಗ್ಯಾಂಗು ಗೋರೆಗಾಂವ್ ಕಡೆ ಬಿಲ್ಡಿಂಗ್ ಕೆಲಸಕ್ಕೆ ಹೋಯಿತು. ಟೊಂಕ ಹಿಡಿದವಳು ನಾನು ಉಳಿದೆ, ಬುಟ್ಟಿ ಇಟ್ಟುಕೊಂಡು ಕಲ್ಲಿನ ಪಕ್ಕ ಕೂತೆ. ಹೊರಡುವಾಗ ಗಂಗವ್ವ ಎಣ್ಣೆ ತಪ್ಪಿಸಬೇಡ ಎಂದಿದ್ದಳು. ಆಮೇಲೆ ಅವಳು ಸತ್ತ ಸುದ್ದಿ ಬಂತು. ಎಣ್ಣೆಯನ್ನು ನಾನು ಹಾಕಬೇಕಾಗಲೇ ಇಲ್ಲ, ದಾರಿಹೋಕರೇ ಹಾಕಿದರು. ಕಲ್ಲಿಗೆ ನಮಸ್ಕಾರ ಮಾಡಿದವರು ನಾಲ್ಕು ನಿಂಬೆಹಣ್ಣು ಕೊಳ್ಳುವರು. ರಸ್ತೆಯ ಬುಟ್ಟಿ ಎತ್ತುವ ಮುನಿಸಿಪಾಲ್ಟಿ ಗಾಡಿ ಬಂದರೆ ಎಲ್ಲರೂ ಓಡುವರು, ನಾನು ಮಾತ್ರ ಕೂತಿರುವೆ. ದೇವರ ಪಕ್ಕದವಳನ್ನು ಯಾರೂ ಎಬ್ಬಿಸಲಿಲ್ಲ. ನನಗೆ ಭಕ್ತಿ ಇತ್ತೋ ಇಲ್ಲವೋ, ಜಾಗ ಇತ್ತು.

ಮೊನ್ನೆ ಚಳಿಗಾಲದಲ್ಲಿ ಮುಲುಂಡ್‌ನಿಂದ ಒಬ್ಬ ಹುಡುಗಿ ಬಂದಳು, ಶ್ರುತಿ ಅಂತ. ಬೆಂಗಳೂರಿನ ಮಂದಿಯ ಮೊಮ್ಮಗಳು. ಊರಿನ ಹಳೇ ಕಲ್ಲು ಹುಡುಕಿ, ಎತ್ತಿ ನಿಲ್ಲಿಸಿ, ಪಕ್ಕದಲ್ಲಿ ಹಲಗೆ ಹಾಕಿಸುವವರ ಜೊತೆ ಅವಳ ಕೆಲಸ. ಹೀಗೂ ಒಂದು ಕೆಲಸವಿದೆ! ತೊಳೆಯಲೇ ಎಂದು ನನ್ನನ್ನು ಕೇಳಿದಳು. ನನ್ನನ್ನು ಯಾರೂ ಏನೂ ಕೇಳಿ ಮಾಡಿದ್ದಿಲ್ಲ. ಹೂಂ ಎಂದೆ, ನನ್ನ ಚೀಲವನ್ನೇ ಕೊಟ್ಟೆ. ಎಣ್ಣೆಯ ಜಿಡ್ಡು ಬಿಟ್ಟಮೇಲೆ ಅವಳು ಕತ್ತು ವಾಲಿಸಿ ನೋಡಿದಳು.

“ಅಜ್ಜಿ, ಇದು ತೀನ್ ನಂಬರು. ಮೈಲಿಗಲ್ಲು. ಫೋರ್ಟ್‌ನಲ್ಲಿ ಹಳೇ ಚರ್ಚ್ ಇದೆಯಲ್ಲ, ಅಲ್ಲಿಂದ ಎಗ್ಸ್ಯಾಕ್ಟ್ ಇಲ್ಲಿಗೆ ಮೂರು ಮೈಲಿ.”

ಬ್ರಿಟಿಷರ ಕಾಲದ ರೋಮನ್ ಅಂಕಿಯಂತೆ, ನೆಟ್ಟಗೆ ನಿಲ್ಲಿಸಿದರೆ ಮೂರು ಕಡ್ಡಿ. ಭಕ್ತಿ ಹುಟ್ಟದ ಕಲ್ಲಿನ ಮೇಲೆ ನನಗೆ ಆಗ ಅಕ್ಕರೆ ಹುಟ್ಟಿತು. ಯಾತರಿಂದ ಅಳೆದರು ಎಂದೆ. ಸರಪಳಿಯಿಂದ ಇರಬಹುದು ಎಂದಳು. ಸರಪಳಿ ಎಳೆದವರು ಯಾರು? ಅದನ್ನು ಯಾರೂ ಬರೆದಿಟ್ಟಿಲ್ಲವಂತೆ. ನಮ್ಮಂಥವರೇ ಇರಬೇಕು. ಬಿಸಿಲಲ್ಲಿ ಸರಪಳಿ ಹಿಡಿದು ಸಾಹೇಬ ಬಗ್ಗುತ್ತಾನೆಯೇ? ಅವರ ಟೊಂಕ ಹಿಡಿದಿರಲಿಲ್ಲವೇ? ಮೂರು ಮೈಲಿ ಎಳೆದು ಇಲ್ಲೇ ಅಂತ ಕಲ್ಲು ನೆಟ್ಟರು. ನಾವು ಬಂದು ಸರಿಸಿದೆವು.

ಹಲಗೆಯ ಮೇಲೆ ಇದೇ ಜಾಗ ಎಂದು ಬರೆಸುತ್ತೇನೆ ಎಂದು ಶ್ರುತಿ ಹೋದಳು. ನಾನು ಎರಡು ದಿನ ಬಾಯಿ ಬಿಡಲಿಲ್ಲ. ಹೇಳಿದರೆ ಕಲ್ಲು ಹೋಗುತ್ತದೆ, ಕಲ್ಲು ಹೋದರೆ ನನ್ನ ಜಾಗ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಿದ್ದವರೆಲ್ಲ ಹೋಗಿದ್ದಾರೆ. ಆದರೆ ಆ ಮುಕದ್ದಮನ ಗೂಟ ತಲೆಯಿಂದ ಹೋಗಲೊಲ್ಲದು. ಬಿಸಿಲಲ್ಲಿ ಅಳೆದವರ ಅಳತೆಯನ್ನು ಸರಿಸಿ, ಮೇಲೆ ಹಲಗೆ ಬೇರೆ ಹೊಡೆಸುವುದೇ? ಮೂರನೆಯ ದಿನ ಅವಳು ಬಂದಾಗ ಹೇಳಿದೆ.

“ತಂಗಿ, ಹಲಗಿ ಬರಸಬ್ಯಾಡ. ಕಲ್ಲು ಇಲ್ಲಿದ್ದದ್ದಲ್ಲ. ನಾವು ಉರುಳಿಸಿಕೊಂಡು ಬಂದೀವಿ.”

ಅವಳು ನಗಲಿಲ್ಲ. “ಪಕ್ಕಾ ನೆನಪಿದೆಯಾ ಅಜ್ಜಿ? ತುಂಬಾ ವರ್ಷ ಆಯ್ತಲ್ಲ.”

“ನನಗಲ್ಲ, ನನ್ನ ಟೊಂಕಕ್ಕ ನೆನಪೈತಿ. ಬಾ.”

ಇರಾನಿ ಹೋಟೆಲ್ ಈಗ ಮೊಬೈಲ್ ಅಂಗಡಿ. ಅದರ ಮೆಟ್ಟಿಲು ಮಾತ್ರ ಹಳೆಯದು. ಮೆಟ್ಟಿಲಿನ ಎದುರು ನಿಂತು, ಇಲ್ಲಿ ಎಂದೆ. ಅವಳು ಟೇಪು ಹಿಡಿದಳು, ಇನ್ನೊಂದು ತುದಿ ನನ್ನ ಕೈಗೆ ಕೊಟ್ಟಳು. ನಿಮ್ಮ ಜಾಗ ಹೋಗುತ್ತಲ್ಲ ಅಜ್ಜಿ ಎಂದು ಅವಳು ಕೇಳಿದ್ದು ಆಮೇಲೆ. ಟೇಪು ಬಿಗಿ ಹಿಡಿ ಎಂದೆ.

ಕಲ್ಲು ಅಲ್ಲಿಗೆ ಹೋಯಿತು, ನೆಟ್ಟಗೆ ನಿಂತಿತು. ಹಲಗೆ ಮರಾಠಿ, ಇಂಗ್ಲಿಷಿನಲ್ಲಿದೆ; ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವವಳಿಗೆ ಅದು ದಕ್ಕುವುದಿಲ್ಲ. ಗಂಗವ್ವನ ಹೆಸರು ಕೊನೆಯ ಸಾಲಿನಲ್ಲಿದೆ ಎಂದು ಶ್ರುತಿ ಬೆರಳಿಟ್ಟು ತೋರಿಸಿದಳು. ನಿಮ್ಮದೂ ಹಾಕಲೇ ಎಂದಿದ್ದಳು. ಸಿಪ್ಪೆ ಎಸೆದವಳ ಹೆಸರು ಬೇಡ ಎಂದಿದ್ದೆ.

ಕಲ್ಲು ಹೋದ ನಾಲ್ಕನೆಯ ದಿನವೇ ಅರಳಿಮರದ ಕೆಳಗೆ ಗಾಡಿ ಬಂತು. ಬುಟ್ಟಿ ಹೋಯಿತು, ಚೀಲ ಉಳಿಯಿತು. ಈಗ ಹಿಂದಿನ ಗಲ್ಲಿಯಲ್ಲಿ ಕೂಡುತ್ತೇನೆ. ಬರುವಾಗ ಕಲ್ಲಿನ ಮುಂದೆ ನಿಂತು ಗಂಗವ್ವನ ಸಲುವಾಗಿ ಒಮ್ಮೆ ಕತ್ತು ವಾಲಿಸುತ್ತೇನೆ, ಗೆರೆ ಅಡ್ಡ ಕಾಣಲಿ ಎಂದು. ನಿನ್ನೆ ಅದರ ನೆತ್ತಿಯ ಮೇಲೆ ಯಾರೋ ಚಹಾದ ಲೋಟ ಇಟ್ಟಿದ್ದರು, ಎತ್ತಿ ಕೆಳಗಿಟ್ಟೆ.

ಹಳೇ ಗಿರಾಕಿಗಳು ನನ್ನನ್ನು ಹುಡುಕುತ್ತಾರೆ. ಫೋನಿನಲ್ಲಿ ಜಾಗ ಕೇಳುತ್ತಾರೆ. ಮೂರು ಗೆರೆಯ ಕಲ್ಲಿನಿಂದ ಬಲಕ್ಕೆ ಇನ್ನೂರ ಹನ್ನೆರಡು ಹೆಜ್ಜೆ ಎನ್ನುತ್ತೇನೆ. ನಾನೇ ನಡೆದು ಎಣಿಸಿದ್ದು. ಎರಡು ಸಲ.